‘ಕುಡಿ’ ಅಂದದ್ದು ‘ಗುಡಿ’ ಆತು

ಹುಬ್ಬಳ್ಳಿ, ಧಾರವಾಡ ಎರಡೂ ಊರು ಜರಡಿ ಹಿಡದು ಸೋಸಿದ್ರೂ ಶಂಭುಲಿಂಗನಂಥಾ ಗೌಂಡಿ ಸಿಗೂದಿಲ್ಲ. ಅಂವ ಬೆಂಗೇರ್ಯಾಗ ಕಟ್ಟಿದ ಪಾರ್ಕಿನ್ಯಾಗ ದಿನಾ ಸಾವಿರ ಮಂದಿ ಗಾಲಿ ಹಲಗಿ ಮ್ಯಾಲ ನಿಂತು ಸರ್ರಂತ ಜಾರತಾರ, ಲಂಡನ್ನಿಂದ ವಿಮಾನ ಹಿಡದು ಬರತಾರ. ತಡೀರಿ, ಇದರಾಗ ಅರ್ಧಾ ಸುಳ್ಳೈತಿ. ಲಂಡನ್ ಸುಳ್ಳು. ಸಾವಿರಾನೂ ಸುಳ್ಳು. ಪಾರ್ಕ್ ಖರೇ, ಗಾಲಿ ಖರೇ, ಜಾರೂದೂ ಖರೇ. ಮಂದಿ ಬದ್ಲಿ ಬೆರಳು ಜಾರತಾವ, ಅಷ್ಟ.

ಹೊತ್ತು ಹುಟ್ಟೂಕಿಂತ ಮೊದ್ಲ ಶಂಭುಲಿಂಗ ಎದ್ದು ಬರತಾನ. ಬೆಂಗೇರಿಯ ಒಂದು ಸಂದ್ಯಾಗ ಬ್ಲೌಜಿಗೆ ಕಸೂತಿ ಹಾಕೋ ಬುಶ್ರಾನ ಅಂಗಡಿ ಐತಿ. ಅದರ ಹಿಂದಿನ ಗೋಡಿ ಮಗ್ಗಲ ಬಂದು ನಿಂದರತಾನ. ಬಗಲಾಗ ಕೋಲು, ಹೆಗಲ ಮ್ಯಾಲ ಹಸೀ ಟವೆಲ್ಲು, ಕೈಯಾಗ ತಂಬಗಿ. ಕಾಲಾಗ ಚಪ್ಪಲಿಲ್ಲ. ನೀರಾಗ ಚಪ್ಪಲಿ ಜಾರಿ ಒಮ್ಮೆ ಟೊಂಕ ಮುರಕೊಂಡಾಂವ ಮತ್ತ ಹ್ಯಾಂಗ ಹಾಕ್ಯಾನು? ತಲಿ ಮ್ಯಾಲ ಗಿಡದ ನೆಳ್ಳಿಲ್ಲ, ಬಿಸಲು ಏರೂದ್ರಾಗ ಕೆಲಸ ಮುಗೀಬೇಕು. ಕೋಲು ಗೋಡಿಗೆ ಆನಸಿ, ಒಂದು ಕೈ ನೆಲಕ್ಕ ಊರಿ, ಹಳೇ ಕದ ತಗದಂಗ ಸಪ್ಪಳಾ ಮಾಡ್ಕೋಂತ ಕೂಡತಾನ. ಮುಂದ ಒಂದು ಗೋಣಿಚೀಲ ಹಾಸೇತಿ. ಅದರ ಮ್ಯಾಲ ನೀರು ಒಮ್ಮೆಲೆ ಸುರಿಯೂದಿಲ್ಲ. ಅಂಗೈ ಅಡ್ಡ ಹಿಡದು, ಬೆರಳ ಸಂದ್ಯಾಗಿಂದ ಹನಿ ಹನಿ ಬಿಡತಾನ. ಬಾಯಾಗ ಒಂದ ಮಾತು: "ಕುಡಿ... ಕುಡಿ... ಕುಡಿ..."

ಅಷ್ಟ್ರಾಗ ಎರಡು ಮನಿ ಆಚೆಯಿಂದ ಹೆಂಡತಿ ಚನ್ನಬಸವ್ವನ ದನಿ ಬರತೈತಿ. ಆ ದನಿಗೆ ಉಣಕಲ್ ಕೆರಿ ಮೀನು ನಿದ್ದಿಗೆಡತಾವ.

"ನನ್ನ ಪರಾತ ಎಲ್ಲೈತ್ರೀ? ರೊಟ್ಟಿ ಹಿಟ್ಟು ನಿಮ್ಮ ತಲಿ ಮ್ಯಾಲ ನಾದ್ಲೇನು?"

ಶಂಭುಲಿಂಗ ಚೀಲದ ಅಂಚು ಇನ್ನಷ್ಟು ಎಳದು ಮುಚ್ಚತಾನ. ಚೀಲದ ಕೆಳಗ ಏನೈತಿ ಅಂತ ನಿಮಗೂ ಈಗ ಹೇಳೂದಿಲ್ಲ. ಮೊದ್ಲ ಹಿಂದಿಂದು ಕೇಳ್ರಿ.

ಶಂಭುಲಿಂಗಗ ಐವತ್ತೈದರ ಸುಮಾರು. ಮೀಸಿ ಮೂಡೂಕಿಂತ ಮೊದ್ಲ ಗಾರಿ ಬಳಿಯೋ ಥಾಪಿ ಹಿಡದಾಂವ. ಗೋಡಿಗೆ ಗಿಲಾವ್ ಮಾಡಿದ್ರ ಅದರ ಮ್ಯಾಲ ನೊಣ ಕುಂತ್ರ ಜಾರಿ ಬೀಳತಿತ್ತು, ಅಷ್ಟು ನುಣುಪು. ಕೆಲವು ವರ್ಷದ ಹಿಂದ ಗರಗದ ರಸ್ತೆ ಕಡೆ ಯಾರೋ ಒಬ್ಬರು ಹೊಸಾ ಲೇಔಟ್ ಮಾಡಾಕ ಹತ್ತಿದ್ರು. ಅದರಾಗ ಗಾಲಿ ಹಲಗಿ, ಸ್ಕೇಟ್‌ಬೋರ್ಡ್ ಅಂತಾರಲ್ಲ, ಅದರ ಮ್ಯಾಲ ನಿಂತು ಆಡೋ ಮೈದಾನ ಆಗ್ಬೇಕು ಅಂದ್ರು. ನೆಲದಾಗ ದೊಡ್ಡ ಕುಣಿ. ತಳ ಸಪಾಟ, ಬಾಜು ಗೋಡಿ ನೆಟ್ಟಗ ಅಲ್ಲ, ಬಾಗಿ ಮ್ಯಾಲಕ್ಕ ಏರಬೇಕು. ಉಳಿದ ಗೌಂಡಿಗೋಳು ಅದನ್ನ ನೋಡಿ ಬಾವಿ ಅಂದ್ರು, ತೊಟ್ಟಿ ಅಂದ್ರು, ಕೈ ತೊಳಕೊಂಡು ಹೋದ್ರು. ಶಂಭುಲಿಂಗ ಉಳದ.

"ಗೋಡಿ ಅಂದ್ರ ನೆಟ್ಟಗ ನಿಂದರಸೂದು, ಅದಕ್ಕ ದಾರದ ಗುಂಡು ಇಳಿಬಿಟ್ಟು ನೋಡಿದ್ರ ಆತು" ಅಂತಾನ. "ಬಾಗಿದ್ದಕ್ಕ ಗುಂಡೂ ಇಲ್ಲ, ಲೆವಲ್ಲೂ ಇಲ್ಲರಿ. ಹೊಟ್ಟಿ ಮ್ಯಾಲ ಮಲಕೊಂಡು, ಗಲ್ಲ ಹಚ್ಚಿ ನೋಡ್ತಿದ್ದೆ. ಗಲ್ಲಕ್ಕ ಚುಚ್ಚಿದ್ರ ಅಲ್ಲಿ ಮತ್ತ ತಿಕ್ಕೂದು."

ಪೂರಾ ಮುಗದಿತ್ತು. ಸಿಮೆಂಟಿಗೆ ನೀರು ಕುಡಸೂದು ಅಷ್ಟ ಬಾಕಿ. ಮ್ಯಾಲ ಹೊದಿಸಿದ ಹಸೀ ಚೀಲ ಎಳ್ಯಾಕ ಹೋಗಿ, ಅಂಚಿನ ಮ್ಯಾಲಿನ ನೀರಾಗ ಚಪ್ಪಲಿ ಜಾರಿ, ತಾನ ನುಣುಪು ಮಾಡಿದ ಗೋಡಿ ಮ್ಯಾಲ ತಾನ ಸರ್ರಂತ ಹೋಗಿ ತಳಕ್ಕ ಬಿದ್ದ. ಅದರಾಗ ಜಾರಿದ ಮೊದಲನೇ ಮನಷ್ಯಾನೂ ಅವನ, ಕಡೇ ಮನಷ್ಯಾನೂ ಅವನ. ಟೊಂಕದ ಎಲುಬು ಮುರೀತು. ದವಾಖಾನ್ಯಾಗಿಂದ ಬಂದು, ಕೋಲು ಹಿಡದು ನಡಿಯೂದು ಕಲತು, ಬಸ್ ಹತ್ತಿ ನೋಡಾಕ ಹೋದ್ರ ಕುಣೀನ ಇಲ್ಲ. ಮಣ್ಣು ಹಾಕಿ ಮುಚ್ಚಿ, ಮ್ಯಾಲ ಕಾರು ನಿಂದರಸ್ಯಾರ. ಕಾರು ಹೆಚ್ಚಾಗಿದ್ವಂತ, ಜಾಗಾ ಕಮ್ಮಿ ಬಿತ್ತಂತ.

"ಒಂದ ಗಾಲೀನೂ ತಿರಗ್ಲಿಲ್ಲರಿ ಅದರಾಗ" ಅಂತಾನ. ಟೊಂಕದ ಮಾತು ಕೇಳಿದ್ರ ನಗತಾನ, ಕುಣಿ ಮಾತು ಕೇಳಿದ್ರ ನೆಲಾ ನೋಡತಾನ.

ಆಮ್ಯಾಲ ಅಂವನ್ನ ಕೆಲಸಕ್ಕ ಕರದವರಿಲ್ಲ. ಕೋಲು ಹಿಡದ ಗೌಂಡಿನ್ನ ಮಾಳಿಗಿ ಮ್ಯಾಲ ಯಾರು ಹತ್ತಸ್ತಾರ? ಚನ್ನಬಸವ್ವ ಖಾನಾವಳಿಗಳಿಗೆ ರೊಟ್ಟಿ ಬಡದು ಕೊಟ್ಟು ಮನಿ ನಡಸತಾಳ. ಅಕಿ ರೊಟ್ಟಿ ಬಡಿಯೋ ಸಪ್ಪಳಕ್ಕ ಓಣಿ ಏಳತೈತಿ, ಗಂಡನ್ನ ಬೈಯೋ ಸಪ್ಪಳಕ್ಕ ಊರು ಏಳತೈತಿ. ಬೈಲಿ ಬಿಡ್ರಿ. ಬೈಯಾಕ ಗಂಡ ಇಲ್ಲದವರ ಮನಿ ಭಾಳ ಸುಮ್ಮನಿರತೈತಿ, ಅದು ಇರದವರಿಗೆ ಗೊತ್ತು.

ಗಂಡಸು ಮುಂಜಾನಿಯಿಂದ ಸಂಜಿ ತನಕಾ ಕುಂತಲ್ಲೇ ಕುಂತ್ರ ಏನಾಗತೈತಿ? ಗೋಡಿ ಮ್ಯಾಲಿನ ಸೀಳು ನೋಡ್ಕೋಂತ ಕೂಡ್ತಿದ್ದ. ಹಂಗ ಒಂದಿನ ಬುಶ್ರಾನ ಅಂಗಡಿ ಮುಂದ ಕುಂತಾಗ ಅಕಿ ಮೊಬೈಲಿನ್ಯಾಗ ಒಂದು ವಿಡಿಯೋ ತೋರಿಸ್ಯಾಳ. ಬುಶ್ರಾಗ ಮೂವತ್ತು ದಾಟೇತಿ. ಸೂಜಿ ಹಿಡದು ಹಿಡದು ಅಕಿ ಬೆರಳು ಹಾವಿನ ಮರಿ ಆಗ್ಯಾವ.

"ಕಾಕಾ, ಇಲ್ನೋಡ್ರಿ. ಇವರ ಹಲಗಿ ಬೆರಳಷ್ಟುದ್ದ ಐತಿ. ಎರಡು ಬೆರಳ ಅದರ ಮ್ಯಾಲ ಕಾಲಿನಂಗ ಇಟ್ಟು ಓಡಸ್ತಾರ, ಹಾರಸ್ತಾರ."

ಶಂಭುಲಿಂಗ ಹಲಗಿ ನೋಡ್ಲಿಲ್ಲ, ಬೆರಳ ನೋಡ್ಲಿಲ್ಲ. ಹಲಗಿ ಕೆಳಗಿನ ಕುಣಿ ನೋಡಿದ. ತನ್ನ ಕುಣಿ! ಅದ ಬಾಗು, ಅದ ಅಂಚು. ಪರಾತದಷ್ಟು ಸಣ್ಣದಾಗಿ ಕುಂತೈತಿ.

"ಇನ್ನೊಮ್ಮೆ ತೋರಸು ತಂಗಿ" ಅಂದ. ಆ ದಿವಸ ಬುಶ್ರಾನ ಮೊಬೈಲ್ ಸತ್ತು ಹೋಗೂ ತನಕಾ ತೋರಿಸ್ಯಾಳಂತ.

ಮರದಿನದಿಂದ ಶುರು. ಇರೋದು ಬಾಡಗಿ ಖೋಲಿ, ಅಂಗಳಿಲ್ಲ. ಓಣಿ ತುದೀಗೆ ಗಟಾರದ ಮಗ್ಗಲ ಒಂದು ಬೇವಿನ ಗಿಡ ಇತ್ತು, ಅದರ ಸುತ್ತ ಕೂಡಾಕ ಕಲ್ಲಿನ ಕಟ್ಟಿ. ಆ ಕಟ್ಟಿ ಮ್ಯಾಲ ಒಂದು ಕೌದಿ ಹಾಸಿದಷ್ಟು ಜಾಗಾ ಹಿಡದ. ಓಣ್ಯಾಗ ಯಾರರ ಮನಿ ಕಟ್ಟಿಸಿದ್ರ ಚೀಲದ ತಳಕ್ಕ ಉಳಿದ ಸಿಮೆಂಟು ಬೇಡಿ ತಂದ. ಉಸುಕು ಚನ್ನಬಸವ್ವನ ಹಿಟ್ಟಿನ ಜರಡಿಲೆ ಸೋಸಿದ. ಹೆಂಡತಿ ನೀರಿಗೆ ಹೋದಾಗ ಅಕಿ ಪರಾತ ಎತ್ತಿಕೊಂಡು ಬಂದು, ತಳಕ್ಕ ಕುಸಬಿ ಎಣ್ಣಿ ಹಚ್ಚಿ, ಹಸೀ ಕಾಂಕ್ರೀಟಿನ್ಯಾಗ ಒತ್ತಿ ತಿರುವಿ ಎತ್ತಿದ. ಪರಾತದ ತಳ ಸಪಾಟ, ಬಾಜು ಬಾಗಿದ್ದು. ಬೇಕಾದ ಕುಣಿ ಅಚ್ಚೊತ್ತಿದಂಗ ಬಿತ್ತು.

ಥಾಪಿ ದೊಡ್ಡದಾತು ಅಂತ ಉಣ್ಣೋ ಚಮಚಾದ ಬೆನ್ನಿಲೆ ತಿಕ್ಕಿದ. ಅಂಚಿಗೆ ಸೈಕಲ್ ಕಡ್ಡಿ ಕೂಡಿಸಿದ. ಇರಿವಿ ಕೂತು ದಮ್ಮು ತಗೊಳ್ಳೋವಂಥಾ ಮೆಟ್ಟಲಾ ಮಾಡಿದ, ಏರು, ಇಳಕಲು, ಸಣ್ಣ ಗೋಡಿ. ಈಗೂ ಗಲ್ಲ ಹಚ್ಚೇ ನೋಡತಿದ್ದ. ದೊಡ್ಡ ಮನಷ್ಯಾ ಕಟ್ಟಿ ಮ್ಯಾಲ ಗಲ್ಲ ಇಟ್ಟು ಮಲಗಿದ್ದು ನೋಡಿ ಓಣಿ ಮಂದಿ, ಟೊಂಕದ ಪೆಟ್ಟು ತಲಿಗೆ ಏರೇತಿ ಅಂದ್ರು.

ಚನ್ನಬಸವ್ವ ಪರಾತದ ಅಂಚಿಗೆ ಸಿಮೆಂಟು ಕಂಡು ಉರದು ಬಿದ್ಲು. "ನಾಕು ಖಾನಾವಳಿ ಮಂದಿ ಸಿಮೆಂಟ್ ರೊಟ್ಟಿ ಉಂಡಾರಲ್ರೀ! ಇನ್ನ ಅವರ ಹೊಟ್ಟಿ ಸೋರೂದಿಲ್ಲ ಬಿಡ್ರಿ."

ಬುಶ್ರಾ ತೆಳ್ಳನ ಕಟಿಗಿ ಪದರ ಅಂಟಿಸಿ, ಕಸೂತಿ ಮಣಿ ಗಾಲಿ ಹಾಕಿ ಹಲಗಿ ಮಾಡಿದ್ಲು. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಬಂದು ಎರಡು ಬೆರಳು ಇಟ್ಟು ಬಿಡತಿದ್ಲು. ಹಲಗಿ ಕುಣ್ಯಾಗ ಇಳದು, ಆಚೆ ಗೋಡಿ ಏರಿ, ಸೈಕಲ್ ಕಡ್ಡಿಗೆ ತಾಗಿ ‘ಟಿಕ್’ ಅಂತಿತ್ತು. ಆ ಟಿಕ್ ಕೇಳಾಕ ಶಂಭುಲಿಂಗ ಕಣ್ಮುಚ್ಚಿ ಕೂಡತಿದ್ದ. ತಾನು ಮಾತ್ರ ಒಮ್ಮೆನೂ ಆಡ್ಲಿಲ್ಲ. ಸಿಮೆಂಟು ತಿಂದ ಬೆರಳು, ಉಗುರು ಅರ್ಧಾ ಇಲ್ಲ. "ನನ್ನ ಬೆರಳು ಆನಿ ಕಾಲಿದ್ದಂಗ ಅದಾವ, ಹಲಗಿ ಮುರದೀತು" ಅಂತಿದ್ದ.

ಒಂದು ತುದಿ ಗಟ್ಟಿ ಆಗೂದ್ರಾಗ ಇನ್ನೊಂದು ತುದಿಗೆ ಹೊಸದೇನರ ಹಚ್ಚತಿದ್ದ. ಅದಕ್ಕ ದಿನಾ ಮುಂಜಾನಿ ನೀರು. ಸಿಮೆಂಟು ನೀರು ಕುಡದಷ್ಟೂ ಗಟ್ಟಿ, ಬಿಸಲಿಗೆ ಬಿಟ್ರ ಕೂದಲೆಳಿ ಸೀಳು. "ಬಾಣಂತಿ ನೋಡ್ಕೊಂಡಂಗ ನೋಡ್ಕೋಬೇಕ್ರಿ. ದೊಡ್ಡ ಗಾಲಿಗೆ ಸಣ್ಣ ಸೀಳು ಲೆಕ್ಕಕ್ಕಿಲ್ಲ. ಮಣಿ ಗಾಲಿಗೆ ಅದ ದೊಡ್ಡ ಹಳ್ಳ." ಅದಕ್ಕ ಸಣ್ಣ ಕೂಸಿಗೆ ಅಂದಂಗ ಅದಕ್ಕೂ ಅನ್ನೂದು, ಕುಡಿ, ಕುಡಿ.

ಇಲ್ಲೇ ನೋಡ್ರಿ ಎಡವಟ್ಟಾತು.

ಮುಗದ ಅನ್ನೋ ಊರಿಂದ ಫಕೀರವ್ವ ಅಂತ ಮುದುಕಿ ಶನಿವಾರ ಶನಿವಾರ ಬೆಂಗೇರಿ ಸಂತಿಗೆ ಕಾಯಿಪಲ್ಯೆ ತರತಾಳ. ಸಂತ್ಯಾಗ ಒದರಿ ಒದರಿ ಅಕಿ ಕಿವಿ ಅರ್ಧಾ ಹೋಗ್ಯಾವ. ಒಂದು ಶನಿವಾರ ಮುಂಜಾನಿ ಬುಟ್ಟಿ ಇಳಿಸಿ ಬೇವಿನ ಗಿಡದ ಕೆಳಗ ದಣಿವಾರಿಸಿಕೊಳ್ಳಾಕ ಕುಂತಾಳ. ನೋಡತಾಳ: ಮಿಂದು ಬಂದ ಗಂಡಸು, ಬರಿಗಾಲು, ಹೆಗಲ ಮ್ಯಾಲ ಹಸೀ ಟವೆಲ್ಲು. ಒಂದು ಸಣ್ಣ ಕಟ್ಟಡದ ಮ್ಯಾಲಿನ ಹೊದಕಿ ತಗದು ತಂಬಗಿಲೆ ನೀರೆರಿಯಾಕತ್ತಾನ. ಬಾಯಾಗ ಏನೋ ಮಂತ್ರ.

"ಏನಂತೀಯೋ ಯಪ್ಪಾ ಇದಕ್ಕ?" ಅಂತ ಕೇಳ್ಯಾಳ.

"ಕುಡಿ ಅಂತೇನಬೇ."

"ಗುಡಿ!" ಅಂದು ಫಕೀರವ್ವ ಎದ್ದು ನಿಂತು ಕೈ ಮುಗದಾಳ. "ಯಾರ ಗುಡಿಯೋ? ಇಷ್ಟ ಸಣ್ಣ ಐತೆಲ್ಲ, ಸಣ್ಣಜ್ಜಂದು?"

ಶಂಭುಲಿಂಗ ನಕ್ಕ. ಅಲ್ಲೇ ತಪ್ಪಿದ. ನಗದ ಅವತ್ತ ಹೇಳಿಬಿಟ್ಟಿದ್ರ ಅಲ್ಲಿಗೇ ಮುಗೀತಿತ್ತು.

ಫಕೀರವ್ವನ ಮಣಕಾಲಾಗ ವರ್ಷಗಟ್ಟಲೆ ನೋವು. ಅವತ್ತ ಕಟ್ಟಿ ಮ್ಯಾಲಿಂದ ಅದ ನೀರು ಬಳದು ಮಣಕಾಲಿಗೆ ಹಚ್ಚಿಕೊಂಡು ಹೋದ್ಲು. ಮುಂದಿನ ಶನಿವಾರ ಬುಟ್ಟಿ ಹೊತ್ತು ಓಡಿಕೋಂತ ಬಂದ್ಲು. ಓಡಿದ್ದು ಸಂತ್ಯಾಗಿನ ಜಾಗಾ ತಪ್ಪತೈತಿ ಅಂತ ಇದ್ದೀತು, ಆದ್ರ ಸಂತಿ ಮಂದಿ ಕಂಡದ್ದು ಮುದುಕಿ ಓಡಿದ್ದು. ಆತು! ಮುಂದ ಕುಂಕುಮ ಬಂತು, ವಿಭೂತಿ ಬಂತು. ಯಾರೋ ಹಣತಿ ಇಟ್ರು. ಸಣ್ಣಜ್ಜ ಅನ್ನೋ ಶರಣ ಗೇಣುದ್ದ ಇದ್ದ, ಹುಲಿ ಮ್ಯಾಲ ಕೂಡೂ ಬದ್ಲಿ ಬೆಕ್ಕಿನ ಮ್ಯಾಲ ಕೂಡ್ತಿದ್ದ ಅಂತ ಕಥಿ ಹುಟ್ಟಿತು. ಆ ಕಥಿ ಯಾರು ಹುಟ್ಟಿಸಿದ್ರೋ ಗೊತ್ತಿಲ್ಲ. ನನ್ನ ಕಡೆ ನೋಡಬ್ಯಾಡ್ರಿ.

ಶಂಭುಲಿಂಗನ ಹೆಸರು ಪೂಜಾರಪ್ಪ ಅಂತಾತು. ಇಷ್ಟು ವರ್ಷ "ಏ ಗೌಂಡಿ" ಅಂದ ಮಂದಿ ಕಾಲು ಮುಟ್ಟಾಕ ಬಂದ್ರು. ಅಂವ ಒಬ್ಬೊಬ್ಬರಿಗೂ ಹೇಳ್ಯಾನ, "ಇದು ಆಡೂದು ಐತ್ರಿ, ಗುಡಿ ಅಲ್ಲ." ದೊಡ್ಡ ಪೂಜಾರಿಗೋಳು ಹಿಂಗ ಸಣ್ಣ ಆಗಿ ಮಾತಾಡ್ತಾರ ಅಂತ ಮಂದಿ ಇನ್ನೂ ಬಗ್ಗಿ ನಮಸ್ಕಾರ ಮಾಡ್ಯಾರ.

ಆದ್ರ ಭಕ್ತಿ ಕಾಂಕ್ರೀಟಿಗೆ ಆಗಿಬರೂದಿಲ್ಲ. ಹಣತಿ ಎಣ್ಣಿ ಕುಡದು ಕುಣಿ ಕಪ್ಪಾತು, ಗಾಲಿ ಹಿಡಿತ ತಪ್ಪಿದ್ವು. ಅಂಚಿನ ಮ್ಯಾಲ ಟೆಂಗಿನಕಾಯಿ ಒಡದು ಎರಡು ಮೆಟ್ಟಲಾ ಹಾರಿದ್ವು. ನೈವೇದ್ಯದ ಸಕ್ಕರಿಗೆ ಇರಿವಿ ಬಂದು ಖರೇನ ಮೆಟ್ಟಲಾ ಹತ್ತಿದ್ವು. ಬುಶ್ರಾ ಒಂದಿನ ಹಲಗಿ ತಗೊಂಡು ಬಂದಾಗ ಯಾರೋ ಹೆಣ್ಮಗಳು, "ದೇವರ ಮೈಮ್ಯಾಲ ಬೆರಳು ಓಡಸ್ತಿಯೇನ?" ಅಂದ್ಲು. ಬುಶ್ರಾ ಹಲಗಿ ಉಡ್ಯಾಗ ಹಾಕ್ಕೊಂಡು ಹೊಳ್ಳಿ ಹೋದ್ಲು. ಮತ್ತ ಬರ್ಲಿಲ್ಲ.

"ನಾ ಮುಟ್ಟಿದ್ರ ಮಾತು ಬ್ಯಾರೇ ಕಡೆ ಹೋಗತೈತಿ ಕಾಕಾ" ಅಂದ್ಲು. ಅಷ್ಟ ಅಂದ್ಲು. ಶಂಭುಲಿಂಗಗ ಅಷ್ಟ ಸಾಕಾತು. ಟಿಕ್ ಅನ್ನೋ ಸಪ್ಪಳಾ ನಿಂತು ಹೋತು. ಕಟ್ಟಿ ತುಂಬಾ ಮಂದಿ, ಆದ್ರ ಅಂವ ಆ ಕಾರು ನಿಂತ ಜಾಗಾದಾಗ ನಿಂತಂಗ ನಿಂದರತಿದ್ದ.

ಅಷ್ಟ್ರಾಗ ಗಟಾರ ಅಗಲ ಮಾಡೂ ಕೆಲಸ ಬಂತು. ಗಿಡಕ್ಕ, ಕಟ್ಟಿಗೆ ಕೆಂಪು ಬಣ್ಣದ ಗೆರಿ ಬಿತ್ತು. ಉಸ್ತುವಾರಿ ಪಾಲಿಕೆಯ ತ್ರ್ಯಂಬಕ ಸಾಹೇಬ್ರು. ಧಾರವಾಡದವರು, ಬೈಗಳನೂ ಹಾಡಿದಂಗ ಬೈಯೋ ಮಂದಿ. ಶುಕ್ರವಾರ ಬಂದು ಕುಂಕುಮ ನೋಡಿ ಬೂಟು ಕಳದು ನಿಂತ್ರು.

"ನೋಡ್ರಿ ಶಂಭುಲಿಂಗಪ್ಪ, ಇದು ಗುಡಿ ಅಂದ್ರ ನಾವು ಗಟಾರ ಸ್ವಲ್ಪ ವಾರೆ ಒಯ್ತೇವಿ. ಗಿಡಾನೂ ಉಳೀತದ. ಗುಡಿ ಅಲ್ಲ ಅಂದ್ರ ಸೋಮವಾರ ಜೆಸಿಬಿ ಬರತದ. ಒಬ್ಬೊಬ್ಬರು ಒಂದೊಂದು ಹೇಳ್ತಾರ. ಕಟ್ಟಿದವರು ನೀವು, ನಿಮ್ಮ ಬಾಯಿಲೆ ಹೇಳ್ರಿ. ನಾಳೆ ಬರತೇನಿ."

ಆ ಸಂಜಿ ಚನ್ನಬಸವ್ವ ಬೈಲಿಲ್ಲ. ಅಕಿ ಬೈಲಿಲ್ಲಂದ್ರ ಭೂಮಿ ತಿರಗೂದು ನಿಂತಂಗ. ರೊಟ್ಟಿ ಮುಂದಿಟ್ಟು ಮೆತ್ತಗ ಅಂದ್ಲು, "ಸುಳ್ಳು ಹೇಳ್ರಿ ಅನ್ನೂದಿಲ್ಲ. ಸುಮ್ಮನ ಕೂಡ್ರಿ ಅಂತೇನಿ. ಸುಮ್ಮನ ಕೂತ್ರ ಮಂದೀನ ಗುಡಿ ಅಂತಾರ. ಟೊಂಕ ಮುರದ ಗೌಂಡಿನ್ನ ಯಾರು ಕೇಳ್ತಾರ್ರೀ? ಪೂಜಾರಪ್ಪಗ ಕುಂತಲ್ಲೇ ಮಾನ ಐತಿ."

ಬುಶ್ರಾನೂ ಅದನ್ನ ಅಂದ್ಲು. "ನಾ ಆಡದಿದ್ರ ಏನಾತು ಕಾಕಾ, ಅದು ಉಳದ್ರ ಸಾಕು."

"ಉಳದು ಏನ್ ಮಾಡೂದು ತಂಗಿ?" ಅಂದ ಶಂಭುಲಿಂಗ. "ಅದೊಂದು ಮಣ್ಣಾಗ ಮುಚ್ಚಿತು. ಇದು ಕುಂಕುಮದಾಗ ಮುಚ್ಚತೈತಿ. ಗಾಲಿ ತಿರಗಿ ತಿರಗಿ ನಾ ಮಾಡಿದ್ದು ಸವೀಬೇಕು. ಸವದದ್ದು ನೋಡಿ ಸಾಯಬೇಕು. ಮತ್ತೇನು ಕೇಳೂದಿಲ್ಲ ನಾ."

ಶನಿವಾರ. ಸಂತಿ ಮಂದಿ ಎಲ್ಲಾ ಬೇವಿನ ಗಿಡದ ಕೆಳಗ. ಮುಂದ ಫಕೀರವ್ವ, ಕೈಯಾಗ ಕುಂಕುಮದ ಭರಣಿ. ತ್ರ್ಯಂಬಕ ಸಾಹೇಬ್ರು ಬೂಟು ಕಳದು ನಿಂತಾರ. ಚನ್ನಬಸವ್ವ ಸೆರಗು ಬಾಯಾಗ ಹಿಡದು ನಿಂತಾಳ. ಬುಶ್ರಾ ದೂರ, ಗಟಾರದ ಆಚೆ.

"ಹೇಳ್ರಿ" ಅಂತಾರ ಸಾಹೇಬ್ರು.

ಶಂಭುಲಿಂಗ ಕೋಲು ಕೆಳಗಿಟ್ಟು ಕೂಡತಾನ. ಕುಣ್ಯಾಗಿನ ಟೆಂಗಿನ ಹೋಳು ಎತ್ತಿ ಮಗ್ಗಲಿಡತಾನ, ಒಗಿಯೂದಿಲ್ಲ. ಹೆಗಲ ಮ್ಯಾಲಿನ ಟವೆಲ್ಲಿಲೆ ಎಣ್ಣಿ ಒರಸತಾನ, ಒರಸೇ ಒರಸತಾನ. ಮಂದಿಗೆ ಅದೂ ಪೂಜಾ ಅನಸತೈತಿ. ಆಮ್ಯಾಲ ತಲಿ ಎತ್ತಿ, "ತಂಗಿ, ಹಲಗಿ ತಾ" ಅಂತಾನ.

ಬುಶ್ರಾ ಬರೂದಿಲ್ಲ. ಇನ್ನೊಮ್ಮೆ ಕರದಾಗ ಬರತಾಳ, ಕೊಟ್ಟು ಹಿಂದ್ಕ ಸರೀತಾಳ. ಅಂವ ಆ ಹಲಗಿ ಅಂಚಿನ ಮ್ಯಾಲಿಟ್ಟು, ತನ್ನ ಆನಿ ಕಾಲಿನಂಥಾ ಎರಡು ಬೆರಳು ಅದರ ಮ್ಯಾಲ ಊರತಾನ. ಹಲಗಿ ಇಳೀತೈತಿ, ತಳಾ ದಾಟತೈತಿ, ಆಚೆ ಗೋಡಿ ಏರತೈತಿ. ಸಂತಿಗೆ ಸಂತೀನ ಉಸರು ಹಿಡದೈತಿ.

ಟಿಕ್.

ಅಂವ ಫಕೀರವ್ವನ ಮಾರಿ ನೋಡತಾನ. ಸಾಹೇಬ್ರ ಮಾರಿ ನೋಡತಾನ. ಬಾಯಿ ತಗೀತಾನ.

ಅದೆಲ್ಲಾ ಆಗಿ ಈಗ ಬೇವಿನ ಗಿಡ, ಕಟ್ಟಿ ಇದ್ದಲ್ಲಿ ಹೊಸಾ ಗಟಾರದಾಗ ನೀರು ಹರದೈತಿ. ಶನಿವಾರ ಮುಂಜಾನಿ ಫಕೀರವ್ವ ಬುಟ್ಟಿ ಇಳಸೂದು ಬುಶ್ರಾನ ಅಂಗಡಿ ಹಿಂದ, ಅಲ್ಲಿ ನೆಳ್ಳಿಲ್ಲದಿದ್ರೂ. ಅಕಿ ಕೈಯಾಗ ಭರಣಿ ಇರೂದಿಲ್ಲ. ಒಂದು ಸೂಡು ಮೆಂತೆ ಪಲ್ಯೆ ಗೋಣಿಚೀಲದ ಮಗ್ಗಲ ಇಟ್ಟು, ಮಣಕಾಲ ತಿಕ್ಕೋಂತ ಕೇಳತಾಳ, "ಏನಂತೀಯೋ ಯಪ್ಪಾ ಇದಕ್ಕ?"

"ಕುಡಿ ಅಂತೇನಬೇ."

"ಏನು?"

"ಕುಡಿ! ಕುಡಿ!" ಅಂತ ಶಂಭುಲಿಂಗ ಓಣಿ ಏಳೂವಂಗ ಒದರತಾನ.

ಆ ಕಡೆಯಿಂದ ಚನ್ನಬಸವ್ವ ಇನ್ನೂ ಜೋರು ಒದರತಾಳ. ಅಕಿ ಪರಾತ ಮತ್ತ ಮನ್ಯಾಗಿಲ್ಲ. ಚೀಲದ ಕೆಳಗ ಏನೈತಿ, ಅವತ್ತ ಅಂವ ಬಾಯಿ ತಗದು ಏನಂದ... ಎಲ್ಲಾ ನಾನ ಹೇಳ್ಲೇನು? ನೀವ ಹೇಳ್ರಿ ನೋಡೂಣು.